ಲೇಬಲ್ ಮುದ್ರಿಸುವ ಮುನ್ನ: ಯುರೋಪಿನ ರಾಸಾಯನಿಕ ನಿಯಮ ಪಾಲಿಸುವ ಕ್ರಮ

ಯುರೋಪಿಯನ್ ಒಕ್ಕೂಟದ ಮಾರುಕಟ್ಟೆಗೆ ಬರುವ ರಾಸಾಯನಿಕದ ಅಪಾಯವನ್ನು ಹೇಗೆ ವರ್ಗೀಕರಿಸಬೇಕು, ಲೇಬಲ್‌ನಲ್ಲಿ ಏನಿರಬೇಕು, ಎಂಥ ಡಬ್ಬಿಯಲ್ಲಿ ತುಂಬಬೇಕು ಎಂಬುದನ್ನು ಸಿಎಲ್‌ಪಿ ಎಂದು ಕರೆಯಲಾಗುವ 1272/2008 ಸಂಖ್ಯೆಯ ನಿಯಮಾವಳಿ ನಿರ್ಧರಿಸುತ್ತದೆ. ರಾಸಾಯನಿಕಗಳ ವರ್ಗೀಕರಣ, ಲೇಬಲ್‌ಗಳಿಗೆ ಜಗತ್ತಿನೆಲ್ಲೆಡೆ ಏಕರೂಪತೆ ತರಲು ವಿಶ್ವಸಂಸ್ಥೆ ರೂಪಿಸಿದ ಜಿಎಚ್‌ಎಸ್ ಪದ್ಧತಿಯನ್ನು ಆಧರಿಸಿದ ಈ ನಿಯಮಾವಳಿ 2009ರ ಜನವರಿಯಲ್ಲಿ ಜಾರಿಗೆ ಬಂದಿತು. 2015ರ ಜೂನ್‌ನಿಂದ ಮಿಶ್ರಣಗಳಿಗೂ ಪೂರ್ಣವಾಗಿ ಅನ್ವಯಿಸಿತು. ಔಷಧ, ಪ್ರಸಾಧನ ಸಾಮಗ್ರಿ ಹಾಗೂ ಆಹಾರಗಳು ಗ್ರಾಹಕರ ಕೈಸೇರುವ ಸಿದ್ಧರೂಪದಲ್ಲಿದ್ದರೆ ಇದರ ವ್ಯಾಪ್ತಿಗೆ ಬರುವುದಿಲ್ಲ. ಒಕ್ಕೂಟದ ಹೊರಗಿನ ಕಾರ್ಖಾನೆಯಿಂದ ಬಂದ ಸರಕಿಗೆ ಆಮದುದಾರನೇ ಹೊಣೆಗಾರ.

ಮೊದಲ ಹೆಜ್ಜೆ ವರ್ಗೀಕರಣ. ಹೆಚ್ಚಿನ ತಪ್ಪುಗಳು ಹುಟ್ಟುವುದು ಇಲ್ಲಿಯೇ, ಏಕೆಂದರೆ ಅನೇಕರು ಪೂರೈಕೆದಾರರ ಲೇಬಲ್ಲನ್ನೇ ನಕಲು ಮಾಡಿ ಮುಂದಕ್ಕೆ ಹೋಗುತ್ತಾರೆ. ಮಿಶ್ರಣದ ಪ್ರತಿಯೊಂದು ಘಟಕದ ಹೆಸರು, ಸಿಎಎಸ್ ಸಂಖ್ಯೆ (ಪ್ರತಿ ರಾಸಾಯನಿಕಕ್ಕೂ ಇರುವ ಗುರುತಿನ ಸಂಖ್ಯೆ) ಮತ್ತು ಶೇಕಡಾ ಪ್ರಮಾಣವನ್ನು ಪಟ್ಟಿ ಮಾಡಿಕೊಂಡು, ಅದಕ್ಕೆ ಒಕ್ಕೂಟವೇ ನಿಗದಿಪಡಿಸಿದ ವರ್ಗೀಕರಣ ಇದೆಯೇ ಎಂದು ನಿಯಮಾವಳಿಯ ಆರನೆಯ ಅನುಬಂಧದಲ್ಲಿ ನೋಡಬೇಕು. ಇದ್ದರೆ ಅದನ್ನು ಪಾಲಿಸುವುದು ಕಡ್ಡಾಯ. ಇಲ್ಲದಿದ್ದಲ್ಲಿ ಲಭ್ಯವಿರುವ ಮಾಹಿತಿಯನ್ನು ಪರಿಶೀಲಿಸಿ ತಾವೇ ವರ್ಗೀಕರಿಸಬೇಕಾಗುತ್ತದೆ. ಪ್ರಾಣಿಗಳ ಮೇಲಿನ ಪರೀಕ್ಷೆಗೆ ಬೇರೆ ದಾರಿಯೇ ಇಲ್ಲದಾಗ ಮಾತ್ರ ಅವಕಾಶ.

ಶೇಕಡಾ 3ರಷ್ಟು ಕಾಸ್ಟಿಕ್ ಸೋಡಾ ಇರುವ ಶುಚಿಕಾರಕ ದ್ರಾವಣವೊಂದನ್ನು ತೆಗೆದುಕೊಳ್ಳೋಣ. ಚರ್ಮವನ್ನು ಸುಡುವ ವಸ್ತುವಿನ ಪ್ರಮಾಣ ಶೇ 1ರಿಂದ 5ರೊಳಗಿದ್ದರೆ ಮಿಶ್ರಣವನ್ನು ಚರ್ಮಕ್ಕೆ ಕಿರಿಕಿರಿ ಉಂಟುಮಾಡುವ ವರ್ಗಕ್ಕೆ ಸೇರಿಸಿದರೆ ಸಾಕು ಎನ್ನುತ್ತದೆ ಸಾಮಾನ್ಯ ನಿಯಮ. ಆದರೆ ಕಾಸ್ಟಿಕ್ ಸೋಡಾಕ್ಕೆ ಆರನೆಯ ಅನುಬಂಧದಲ್ಲಿ ಪ್ರತ್ಯೇಕ ಮಿತಿಗಳಿವೆ: ಶೇ 2ರಿಂದ 5ರೊಳಗಿದ್ದರೆ ಅದು ಚರ್ಮವನ್ನು ಸುಡುವ ‘1ಬಿ’ ವರ್ಗ. ಸಾಮಾನ್ಯ ಕೋಷ್ಟಕವನ್ನಷ್ಟೇ ನೋಡಿದವರು ಇದೇ ದ್ರಾವಣವನ್ನು ಒಂದು ಮೆಟ್ಟಿಲು ಕೆಳಗಿನ ವರ್ಗದಲ್ಲಿ ಇಟ್ಟುಬಿಡುತ್ತಾರೆ, ಆಗ ಲೇಬಲ್, ಮುಚ್ಚಳ, ಸುರಕ್ಷತಾ ಮಾಹಿತಿ ಪತ್ರ ಎಲ್ಲವೂ ತಪ್ಪಾಗುತ್ತವೆ.

ವರ್ಗ ಸರಿಯಾಗಿ ತೀರ್ಮಾನವಾದರೆ ಲೇಬಲ್‌ನ ಬಹುಪಾಲು ಅದರಿಂದಲೇ ಹೊರಡುತ್ತದೆ. ಮೇಲಿನ ದ್ರಾವಣಕ್ಕೆ ಕೆಂಪು ಅಂಚಿನ ವಜ್ರಾಕೃತಿಯೊಳಗೆ ಕೈಯನ್ನೂ ಲೋಹವನ್ನೂ ಕೊರೆಯುವ ದ್ರವದ ಚಿಹ್ನೆ, ‘ಡೇಂಜರ್’ ಎಂಬ ಸಂಕೇತಪದ ಮತ್ತು ಚರ್ಮಕ್ಕೆ ತೀವ್ರ ಸುಟ್ಟಗಾಯ ಹಾಗೂ ಕಣ್ಣಿಗೆ ಹಾನಿಯಾಗುತ್ತದೆಂದು ತಿಳಿಸುವ ಎಚ್314 ವಾಕ್ಯ ಬೇಕು. ‘ಡೇಂಜರ್’ ಇದ್ದಲ್ಲಿ ‘ವಾರ್ನಿಂಗ್’ ಬರಬಾರದು. ಮುನ್ನೆಚ್ಚರಿಕೆಯ ವಾಕ್ಯಗಳು ಸಾಮಾನ್ಯವಾಗಿ ಆರನ್ನು ಮೀರಬಾರದು. ಎಲ್ಲವನ್ನೂ ತುರುಕಿದ ಲೇಬಲ್ಲನ್ನು ಯಾರೂ ಓದುವುದಿಲ್ಲವಾದ್ದರಿಂದ ಇದು ವಿವೇಕದ ನಿಯಮವೇ ಸರಿ. ಇವಲ್ಲದೆ ಪೂರೈಕೆದಾರರ ಹೆಸರು, ವಿಳಾಸ, ದೂರವಾಣಿ ಸಂಖ್ಯೆ, ಉತ್ಪನ್ನದ ಗುರುತು, ಸಾರ್ವಜನಿಕರಿಗೆ ಮಾರುವುದಾದರೆ ಡಬ್ಬಿಯಲ್ಲಿರುವ ಸರಕಿನ ಪ್ರಮಾಣ ಕೂಡ ಇರಬೇಕು. ಸರಕು ಮಾರಾಟವಾಗುವ ದೇಶದ ಅಧಿಕೃತ ಭಾಷೆಯಲ್ಲಿಯೇ ಲೇಬಲ್ ಇರತಕ್ಕದ್ದು, ಮತ್ತು ಅಪಾಯ, ಮುನ್ನೆಚ್ಚರಿಕೆಯ ವಾಕ್ಯಗಳ ಪಠ್ಯ ಒಕ್ಕೂಟದ ಎಲ್ಲ ಅಧಿಕೃತ ಭಾಷೆಗಳಲ್ಲಿ ನಿಯಮಾವಳಿಯಲ್ಲೇ ಇರುವುದರಿಂದ ಸ್ವಂತ ಅನುವಾದಕ್ಕೆ ಅವಕಾಶವಿಲ್ಲ. ಮೂರು ಲೀಟರ್‌ವರೆಗಿನ ಡಬ್ಬಿಗೆ ಲೇಬಲ್ ಸಾಧ್ಯವಾದರೆ 52×74 ಮಿ.ಮೀ., ಚಿಹ್ನೆ ಸಾಧ್ಯವಾದರೆ 16×16 ಮಿ.ಮೀ. ಇರಬೇಕು, ಚಿಹ್ನೆ 10×10ಕ್ಕಿಂತ ಚಿಕ್ಕದಾಗಕೂಡದು.

ಡಬ್ಬಿ ಸೋರಬಾರದು, ಒಳಗಿನ ದ್ರವ ಅದನ್ನು ತಿನ್ನಬಾರದು. ಇದೇ ದ್ರಾವಣ ಸಾರ್ವಜನಿಕರಿಗೆ ಮಾರಾಟವಾಗುವುದಾದರೆ ಮಕ್ಕಳು ಸುಲಭವಾಗಿ ತೆರೆಯಲಾಗದ ಮುಚ್ಚಳವೂ, ದೃಷ್ಟಿಹೀನರು ಬೆರಳಿನಿಂದ ಗುರುತಿಸಬಲ್ಲ ಉಬ್ಬು ಎಚ್ಚರಿಕೆಯೂ ಕಡ್ಡಾಯ. ಮಕ್ಕಳನ್ನು ಸೆಳೆಯುವ ಚಿತ್ರ, ಪಾನೀಯದ ಬಾಟಲಿಯನ್ನು ಹೋಲುವ ಆಕಾರ ಸಲ್ಲದು.

ಕೊನೆಗೆ ದಾಖಲೆಯ ಕೆಲಸ. ಆರೋಗ್ಯಕ್ಕೆ ಅಪಾಯಕಾರಿ ಅಥವಾ ಬೆಂಕಿ, ಸ್ಫೋಟದಂಥ ಭೌತಿಕ ಅಪಾಯವುಳ್ಳ ಮಿಶ್ರಣವನ್ನು ಮಾರುಕಟ್ಟೆಗೆ ಬಿಡುವ ಮೊದಲು ಅದರ ವಿವರಗಳನ್ನು ಆಯಾ ದೇಶ ನೇಮಿಸಿದ ಸಂಸ್ಥೆಗೆ ಸಲ್ಲಿಸಿ, ಯುಎಫ್‌ಐ ಎಂಬ 16 ಅಕ್ಷರಾಂಕಗಳ ಸಂಕೇತವನ್ನು ಲೇಬಲ್‌ನಲ್ಲಿ ಮುದ್ರಿಸಬೇಕು. ವಿಷಬಾಧೆಯಾದಾಗ ಕರೆ ಸ್ವೀಕರಿಸುವ ಕೇಂದ್ರದವರು ಈ ಸಂಕೇತದಿಂದಲೇ ದ್ರಾವಣದಲ್ಲಿರುವುದೇನೆಂದು ತಿಳಿಯುತ್ತಾರೆ. ವರ್ಗೀಕರಣಕ್ಕೆ ಬಳಸಿದ ಮಾಹಿತಿಯನ್ನು ಕೊನೆಯ ಪೂರೈಕೆಯ ನಂತರ ಕನಿಷ್ಠ 10 ವರ್ಷ ಕಾಪಾಡಬೇಕು. ಸೂತ್ರ ಬದಲಾದರೆ ಇಡೀ ಲೆಕ್ಕವನ್ನು ಮತ್ತೆ ಮೊದಲಿನಿಂದ ಮಾಡಬೇಕಾಗುತ್ತದೆ.