ನಿಲ್ಲಿಸಿ ನೋಡಿದ ಸ್ಕ್ಯಾನಿಂಗ್

ಸಿಂಧನೂರಿನ ಕಡೆಯಿಂದ ಬಂದಿದ್ದ ಆಕೆಗೆ 34 ವರ್ಷ, ಹೆರಿಗೆ ಮೂರು. ಭತ್ತದ ನಾಟಿ ಮುಗಿಸಿ ಸಂಜೆ ಮನೆಗೆ ಬರುವಷ್ಟರಲ್ಲಿ ಕಿಬ್ಬೊಟ್ಟೆಯಲ್ಲಿ ಕಲ್ಲು ಕಟ್ಟಿದಂತೆ ಭಾರ, ಎಡಕ್ಕೆ ಹೆಚ್ಚು. ಮುಟ್ಟಿನ ಹಿಂದಿನ ವಾರ ಇನ್ನೂ ಕಷ್ಟ. ಮಲಗಿದರೆ ಅರ್ಧ ಗಂಟೆಯಲ್ಲಿ ಇಳಿಯುತ್ತಿತ್ತು. ಆಕೆಗೆ ಮುಳುವಾದದ್ದೂ ಅದೇ. ಮಲಗಿದರೆ ಹೋಗುವ ನೋವು ಎಂಥದು ಎಂದು ಅತ್ತೆ ಕೆಲಸಗಳ್ಳಿಯ ಪಟ್ಟ ಕಟ್ಟಿದ್ದರು. ಚೀಲದಲ್ಲಿ ನಾಲ್ಕು ಸ್ಕ್ಯಾನಿಂಗ್ ವರದಿ, ನಾಲ್ಕೂ ನಾರ್ಮಲ್. ಕೊನೆಯ ಚೀಟಿಯಲ್ಲಿ ಗರ್ಭಕೋಶ ತೆಗೆಸುವ ಸಲಹೆ.

ಆ ಸಲಹೆ ಕೊಟ್ಟವರನ್ನು ಬೈಯಲು ನನಗೆ ಬಾಯಿಲ್ಲ. ರಾಯಚೂರಿನಲ್ಲಿ ವೃತ್ತಿ ಆರಂಭಿಸಿದ ದಿನಗಳಲ್ಲಿ ಇಂಥದೇ ನೋವಿಗೆ ನಾನೂ ಒಬ್ಬಾಕೆಯ ಗರ್ಭಕೋಶ ತೆಗೆದಿದ್ದೆ. ಹೊಲಿಗೆ ಮಾಯಿತು, ನೋವು ಉಳಿಯಿತು.

ಈ ಸಲ ತೊಡೆಯ ಹಿಂಭಾಗ ನೋಡಿದೆ. ನೀಲಿ ಹುರಿಗಳು ಮೇಲಕ್ಕೆ, ಯೋನಿಯ ಹೊರತುಟಿಯವರೆಗೆ ಹಬ್ಬಿದ್ದವು. “ಎರಡನೆಯ ಬಸುರಿನಿಂದ ಇವೆ ಡಾಕ್ಟರಮ್ಮ, ಬರೀ ನರ. ಹೊಟ್ಟೆನೋವಿಗೂ ಇದಕ್ಕೂ ಏನು ಸಂಬಂಧ?” ಎಂದಳು.

ಅಂಡಾಶಯದಿಂದ ರಕ್ತವನ್ನು ಮೇಲಕ್ಕೊಯ್ಯುವ ನಾಳದಲ್ಲಿ ಕವಾಟಗಳಿರುತ್ತವೆ. ಬಸುರಿನಲ್ಲಿ ನಾಳ ಹಿಗ್ಗಿ ಅವು ಸಡಿಲಾದರೆ ರಕ್ತ ಹಿಂದಕ್ಕಿಳಿದು ಗರ್ಭಕೋಶದ ಸುತ್ತ ಮಡುಗಟ್ಟುತ್ತದೆ, ಅಲ್ಲಿಂದ ತೊಡೆಯ ನಾಳಗಳಿಗೂ ಇಳಿದು ಅವನ್ನು ಉಬ್ಬಿಸುತ್ತದೆ. ಎಡಭಾಗದ ನಾಳ ಮೂತ್ರಪಿಂಡದ ರಕ್ತನಾಳಕ್ಕೆ ಹೆಚ್ಚುಕಡಿಮೆ ಲಂಬವಾಗಿ ಸೇರುವುದರಿಂದ ತೊಂದರೆ ಆ ಕಡೆಗೇ ಹೆಚ್ಚು. ತೂಬು ಕೆಟ್ಟರೆ ಕೆಳಗಿನ ಗದ್ದೆಯಲ್ಲಿ ನೀರು ನಿಲ್ಲುವುದಿಲ್ಲವೇ ಎಂದೆ. ತುಂಗಭದ್ರಾ ಕಾಲುವೆಯ ನೀರುಂಡವಳಿಗೆ ಅಷ್ಟು ಸಾಕಾಯಿತು.

ಯೋನಿಯ ಮೂಲಕ, ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಡಾಪ್ಲರ್ ಸ್ಕ್ಯಾನ್ ಮಾಡಿದೆ. ಮಲಗಿದ್ದಾಗ ಎಡಗಡೆಯ ನಾಳ 5 ಮಿಲಿಮೀಟರ್. ಅಲ್ಲಿಗೇ ನಿಲ್ಲಿಸಿದ್ದರೆ ಐದನೆಯ ನಾರ್ಮಲ್ ವರದಿ ಸಿದ್ಧವಾಗುತ್ತಿತ್ತು. ಆಕೆಯನ್ನು ಮಂಚದ ಪಕ್ಕ ನಿಲ್ಲಿಸಿ, ಒಂದು ಕಾಲನ್ನು ಮೆಟ್ಟಿಲ ಮೇಲಿರಿಸಿ, ಉಸಿರು ಬಿಗಿಹಿಡಿದು ಮುಕ್ಕಲು ಹೇಳಿದೆ. ನಾಳ 8 ಮಿಲಿಮೀಟರಿಗೆ ಉಬ್ಬಿತು. ಪರದೆಯ ಮೇಲೆ ನೀಲಿಯಿದ್ದ ಕಡೆ ಕೆಂಪು ನುಗ್ಗಿತು, ಅಂದರೆ ಹರಿವು ಹಿಮ್ಮುಖ. ಆಕೆಯ ಮೊಣಕಾಲು ನಡುಗುತ್ತಿತ್ತು. “ಇದೇ ನೋವು” ಎಂದಳು.

ಮೊದಲು ಮೆಡ್ರಾಕ್ಸಿಪ್ರೊಜೆಸ್ಟರಾನ್ ಎಂಬ ಹಾರ್ಮೋನ್ ಮಾತ್ರೆ ಕೊಟ್ಟೆ. ನೋವು ಅರ್ಧ ತಗ್ಗಿತು. ಮಾತ್ರೆ ನಿಲ್ಲಿಸಿದ ಮೇಲೆ ಮರಳಿ ಬಂತು. ಸಿಟಿ ಸ್ಕ್ಯಾನಿನಲ್ಲಿ ಮೂತ್ರಪಿಂಡದ ರಕ್ತನಾಳ ಎಲ್ಲೂ ಅದುಮಿಕೊಂಡಿಲ್ಲವೆಂದು ಖಚಿತಪಡಿಸಿಕೊಂಡು ಹೈದರಾಬಾದಿಗೆ ಕಳಿಸಿದೆ. ನಾನೂ ಒಂದು ದಿನ ರಜೆ ಹಾಕಿ ಹೋದೆ. ಕುತ್ತಿಗೆಯ ರಕ್ತನಾಳದಿಂದ ಸಣ್ಣ ಕೊಳವೆಯನ್ನು ಇಳಿಸಿ, ಕೆಟ್ಟ ನಾಳದೊಳಗೆ ಪ್ಲಾಟಿನಂ ಸುರುಳಿಗಳನ್ನು ತುಂಬಿ ಮುಚ್ಚಿದರು. ಇದಕ್ಕೆ ಎಂಬೊಲೈಸೇಷನ್ ಎನ್ನುತ್ತಾರೆ. ಆಕೆ ಎಚ್ಚರವಾಗಿಯೇ ಇದ್ದಳು, ಮರುದಿನ ಬಸ್ ಹತ್ತಿದಳು. ಒಂದು ವಾರ ಮಂದ ನೋವು, ಅಷ್ಟೇ.

ಮುಂದಿನ ನಾಟಿಯ ಹೊತ್ತಿಗೆ ಬಂದಾಗ ಕಾಲಿನ ಕೆಸರು ಇನ್ನೂ ಪೂರ್ತಿ ಹೋಗಿರಲಿಲ್ಲ. ಹೊಟ್ಟೆಯ ಮಾತೇ ಎತ್ತದೆ ತೊಡೆಯ ನೀಲಿ ಹುರಿಗಳನ್ನು ತೋರಿಸಿ, “ಇವು ಯಾವಾಗ ಹೋಗುತ್ತವೆ?” ಎಂದಳು. ಅದಕ್ಕೆ ಇಂಜೆಕ್ಷನ್ ಬೇರೆ ಇದೆ, ಸುಗ್ಗಿ ಮುಗಿಸಿಕೊಂಡು ಬಾರಮ್ಮ ಎಂದಿದ್ದೇನೆ.