ಟಾಮ್‌ಕ್ಯಾಟ್‌ನಲ್ಲಿ ಓಡಿದ ವಾರ್ ಫೈಲ್ ವೆಬ್‌ಲಾಜಿಕ್‌ನಲ್ಲೂ ಓಡಿದ್ದು ಹೇಗೆ

ನಮ್ಮ ತಂಡ ಕೆಲಸ ಮಾಡುವುದು ಜಾವಾ ವೆಬ್ ಆ್ಯಪ್ ಓಡಿಸುವ ಸರ್ವರ್ ಆದ ಟಾಮ್‌ಕ್ಯಾಟ್ 9ರಲ್ಲಿ. ಗ್ರಾಹಕರ ಹತ್ತಿರ ಇದ್ದದ್ದು ಲಿನಕ್ಸ್ ಮೇಲೆ ಅಂಥದ್ದೇ ಇನ್ನೊಂದು ಸರ್ವರ್, ವೆಬ್‌ಲಾಜಿಕ್ 14.1.1, ಜಾವಾ 8. ಆ್ಯಪನ್ನು ಅದರ ಸರ್ವರ್ ಸಮೇತ ಕಟ್ಟಿ ಕೊಡುವ ಡಾಕರ್ ಬಳಸಬಹುದಿತ್ತಲ್ವಾ ಅಂತ ಕೇಳಬಹುದು. ಸರ್ವರ್ ಅವರದ್ದು, ನಿಯಮವೂ ಅವರದ್ದೇ. ನಾವು ಕೊಡಬೇಕಿದ್ದದ್ದು ಒಂದು ವಾರ್ ಫೈಲ್, ಅಂದರೆ ಇಡೀ ವೆಬ್ ಆ್ಯಪ್ ತುಂಬಿದ ಒಂದು ಕಟ್ಟು, ಅಷ್ಟೇ. ಎರಡು ಕಡೆಗೆ ಎರಡು ಬಿಲ್ಡ್ ಬೇಡ ಅಂತ ಮೊದಲೇ ತೀರ್ಮಾನಿಸಿದ್ದೆವು.

ಡೇಟಾಬೇಸ್ ವಿಷಯ ಸುಲಭವಾಗಿ ಮುಗಿಯಿತು. ಯೂಸರ್‌ನೇಮ್, ಪಾಸ್‌ವರ್ಡ್ ಯಾವುದೂ ವಾರ್ ಒಳಗೆ ಇಲ್ಲ. ಕೋಡ್ ಯಾವಾಗಲೂ 'ಜಾವಾ:ಕಾಂಪ್/ಎನ್ವ್' ಕೆಳಗಿನ ಹೆಸರನ್ನೇ ಕೇಳುತ್ತದೆ. ಆ ಹೆಸರು ಯಾವ ಡೇಟಾಸೋರ್ಸ್‌ಗೆ, ಅಂದರೆ ಸರ್ವರ್‌ನಲ್ಲಿ ಹೊಂದಿಸಿಟ್ಟ ಯಾವ ಡೇಟಾಬೇಸ್ ಸಂಪರ್ಕಕ್ಕೆ, ಹೋಗಬೇಕು ಅನ್ನುವುದನ್ನು ಟಾಮ್‌ಕ್ಯಾಟ್‌ಗೆ ಕಾಂಟೆಕ್ಸ್ಟ್ ಫೈಲ್ ಹೇಳುತ್ತದೆ, ವೆಬ್‌ಲಾಜಿಕ್‌ಗೆ ವೆಬ್‌ಲಾಜಿಕ್.ಎಕ್ಸ್‌ಎಂಎಲ್ ಹೇಳುತ್ತದೆ. ಈ ಎರಡನೇ ಫೈಲ್ ವಾರ್ ಒಳಗೇ ಇದ್ದರೂ ಟಾಮ್‌ಕ್ಯಾಟ್ ಅದನ್ನು ತಿರುಗಿಯೂ ನೋಡುವುದಿಲ್ಲ.

ನಿಜವಾಗಿ ತಲೆ ತಿಂದದ್ದು ಕ್ಲಾಸ್‌ಲೋಡರ್, ಅಂದರೆ ಕೋಡ್‌ನ ಕ್ಲಾಸ್‌ಗಳನ್ನು ಹುಡುಕಿ ತರುವ ಭಾಗ. ಟಾಮ್‌ಕ್ಯಾಟ್ ಮೊದಲು ನಮ್ಮ ಲಿಬ್ ಫೋಲ್ಡರ್‌ನ ಜಾರ್‌ಗಳನ್ನು (ಲೈಬ್ರರಿ ಫೈಲ್‌ಗಳನ್ನು) ನೋಡುತ್ತದೆ. ವೆಬ್‌ಲಾಜಿಕ್ ಹಾಗಲ್ಲ, ಅದರ ಡೀಫಾಲ್ಟ್ ಕ್ರಮದಲ್ಲಿ ಸರ್ವರ್‌ನ ಜಾರ್‌ಗಳಿಗೇ ಮೊದಲ ಮಣೆ. ಹೀಗಾಗಿ ಡಿಪ್ಲಾಯ್ ಚೆನ್ನಾಗಿಯೇ ಆಯಿತು, ಒಂದು ಸ್ಕ್ರೀನ್ ತೆರೆದಾಗ ಮಾತ್ರ 'ನೋ ಸಚ್ ಮೆಥಡ್ ಎರರ್' ಬಂತು, ಅಂದರೆ ನಮ್ಮ ಕೋಡ್ ಕರೆದ ಮೆಥಡ್ ಸಿಕ್ಕ ಕ್ಲಾಸ್‌ನಲ್ಲಿ ಇಲ್ಲ. ಇಂಥ ಕಡೆ ಊಹೆ ಮಾಡುತ್ತಾ ಕೂರಬಾರದು. ಆ ಕ್ಲಾಸ್‌ನ ಪ್ರೊಟೆಕ್ಷನ್ ಡೊಮೇನ್‌ನಿಂದ ಕೋಡ್ ಸೋರ್ಸ್ ತೆಗೆದು, ಅದರ ಲೊಕೇಶನ್ ಲಾಗ್ ಮಾಡಿಸಿದೆ. ಕ್ಲಾಸ್ ಬಂದಿದ್ದ ದಾರಿ ನಮ್ಮ ವಾರ್‌ನದ್ದಲ್ಲ, ಸರ್ವರ್‌ನ ಫೋಲ್ಡರ್‌ನದ್ದು. ವೆಬ್‌ಲಾಜಿಕ್.ಎಕ್ಸ್‌ಎಂಎಲ್‌ನಲ್ಲಿ 'ಪ್ರಿಫರ್ ಅಪ್ಲಿಕೇಶನ್ ಪ್ಯಾಕೇಜಸ್' ಅಡಿ ಆ ಒಂದು ಪ್ಯಾಕೇಜ್ ಹೆಸರು ಸೇರಿಸಿದೆ, ಸರಿಹೋಯಿತು. ಎಲ್ಲ ಜಾರ್‌ಗಳಿಗೂ ಅನ್ವಯಿಸುವ ಸೆಟ್ಟಿಂಗ್ ಕೂಡ ಇದೆ, ಆದರೆ ಸುಮ್ನೆ ಅದನ್ನು ಆನ್ ಮಾಡುವುದು ನನಗೆ ಇಷ್ಟವಿಲ್ಲ. ಹೊಸ ಜಗಳ ಎಲ್ಲಿ ಶುರುವಾಯಿತು ಅಂತಲೇ ಗೊತ್ತಾಗುವುದಿಲ್ಲ.

ಆಮೇಲೆ ಕನ್ನಡ ಹೆಸರುಗಳ ಸಿಎಸ್‌ವಿ, ಅಂದರೆ ಅಲ್ಪವಿರಾಮದಿಂದ ಬೇರ್ಪಡಿಸಿದ ಪಟ್ಟಿಯ ಫೈಲ್. ನಮ್ಮಲ್ಲಿ ಸರಿಯಾಗಿದ್ದ ಫೈಲ್ ಅಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆ. ನಮ್ಮ ಟಾಮ್‌ಕ್ಯಾಟ್‌ನ ಸ್ಟಾರ್ಟಪ್ ಸ್ಕ್ರಿಪ್ಟ್‌ನಲ್ಲಿ ಕನ್ನಡ ಅಕ್ಷರಗಳನ್ನೂ ಹಿಡಿಯುವ ಎನ್‌ಕೋಡಿಂಗ್ ಯುಟಿಎಫ್-8 ಅಂತ ಎಂದೋ ಹಾಕಿದ್ದರು, ಅವರ ಲಿನಕ್ಸ್‌ನ ಲೊಕೇಲ್ (ಭಾಷೆಯ ಸೆಟ್ಟಿಂಗ್) ಬರೀ ಇಂಗ್ಲಿಷ್ ಅಕ್ಷರಗಳ 'ಸಿ' ಆಗಿತ್ತು. ಎನ್‌ಕೋಡಿಂಗ್ ಹೇಳದೆ ಫೈಲ್ ಬರೆಯುವ ಫೈಲ್‌ರೈಟರ್ ಬಳಸಿದರೆ ಜಾವಾ 8 ಯಂತ್ರದ ಡೀಫಾಲ್ಟನ್ನೇ ಹಿಡಿಯುತ್ತದೆ. ಡೀಫಾಲ್ಟ್ ಎಲ್ಲೆಡೆ ಯುಟಿಎಫ್-8 ಆದದ್ದು 2022ರ ಜಾವಾ 18ರಿಂದ. ಅವರ ಸರ್ವರ್ ಸೆಟ್ಟಿಂಗ್ ಬದಲಿಸಿ ಅಂತ ಕೇಳಲಿಲ್ಲ. ಓದುವ, ಬರೆಯುವ ಪ್ರತಿ ಕಡೆಯೂ ಕೋಡ್‌ನಲ್ಲೇ ಯುಟಿಎಫ್-8 ಹೆಸರಿಸಿದೆವು.

ಆ್ಯಪ್ ಒಳಗಿನ ಫೈಲ್ ಡಿಸ್ಕ್‌ನಲ್ಲಿ ಎಲ್ಲಿದೆ ಅಂತ ಹೇಳುವ 'ಗೆಟ್‌ರಿಯಲ್‌ಪಾತ್' ಬಳಕೆಯನ್ನೂ ಬಿಟ್ಟೆವು. ಟಾಮ್‌ಕ್ಯಾಟ್ ವಾರ್ ಬಿಚ್ಚಿ ಇಡುತ್ತದೆ, ಹಾಗಾಗಿ ಪಾತ್ ಸಿಗುತ್ತದೆ. ಬಿಚ್ಚದ ವಾರ್ ಆದರೆ ವೆಬ್‌ಲಾಜಿಕ್ 'ನಲ್' ಕೊಡುತ್ತದೆ. ಟೆಂಪ್ಲೇಟ್‌ಗಳನ್ನು ಸ್ಟ್ರೀಮ್ ಆಗಿ ಓದುತ್ತೇವೆ, ಅಪ್‌ಲೋಡ್‌ಗಳು ಹೊರಗಿನ ಫೋಲ್ಡರ್‌ಗೆ ಹೋಗುತ್ತವೆ. ಆ ಫೋಲ್ಡರ್ ಯಾವುದು ಅಂತ ಸಿಸ್ಟಮ್ ಪ್ರಾಪರ್ಟಿ ಹೇಳುತ್ತದೆ. ಲಿಂಕ್‌ಗಳಲ್ಲಿ ಆ್ಯಪ್ ಹೆಸರು ಬರೆಯುವುದನ್ನೂ ಬಿಟ್ಟು ಕಾಂಟೆಕ್ಸ್ಟ್ ಪಾತ್ (ಆ್ಯಪ್‌ನ ವಿಳಾಸದ ಮೊದಲ ಭಾಗ) ಸರ್ವರ್‌ನಿಂದ ಕೇಳಿ ಪಡೆಯುತ್ತೇವೆ.

ಟಾಮ್‌ಕ್ಯಾಟ್ 10ಕ್ಕೆ ಹೋಗೋಣ ಅಂತ ಹುಡುಗರು ಆಗಾಗ ಕೇಳುತ್ತಾರೆ. ಅಲ್ಲಿ ಪ್ಯಾಕೇಜ್ ಹೆಸರುಗಳಲ್ಲಿ ಜಾವಾಎಕ್ಸ್ ಹೋಗಿ ಜಕಾರ್ತಾ ಬಂದಿದೆ, ವೆಬ್‌ಲಾಜಿಕ್ 14.1.1 ಇನ್ನೂ ಜಾವಾಎಕ್ಸ್ ಹೆಸರುಗಳ ಜಾವಾ ಇಇ 8ರದ್ದು. ಗ್ರಾಹಕರು ಮೇಲಿನ ವರ್ಷನ್‌ಗೆ ಹೋಗುವವರೆಗೆ ನಮಗೂ 9ರಲ್ಲೇ ವಾಸ.