ಹಳೆ ಪದ್ಮಿನಿಯ ಕ್ರೋಮ್ ಭಾಗಗಳು: ಮನೆಯಲ್ಲಿ ನಿಕಲ್‌ವರೆಗೆ, ಕ್ರೋಮ್ ಅಂಗಡಿಯಲ್ಲಿ

ಹಳೆ ಕಾರಿನ ಹೊಳಪಿನಲ್ಲಿ ಕ್ರೋಮ್‌ನ ಪಾಲು ಬಹಳ ಕಡಿಮೆ. ಅದರ ದಪ್ಪ 0.25ರಿಂದ 0.5 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ಅಷ್ಟೇ. ತುಕ್ಕು ತಡೆಯುವುದು, ಕನ್ನಡಿಯಂತೆ ಮಿಂಚುವುದು ಎಲ್ಲ ಅದರ ಕೆಳಗಿನ 20–30 ಮೈಕ್ರಾನ್ ನಿಕಲ್. ಹಾಗಾಗಿ ಪ್ರೀಮಿಯರ್ ಪದ್ಮಿನಿಯ ಉಕ್ಕಿನ ಭಾಗಗಳಿಗೆ ಪಾಲಿಶ್, ತಾಮ್ರ, ನಿಕಲ್ ನಾನೇ ಮಾಡುತ್ತೇನೆ, ಕೊನೆಯ ಕ್ರೋಮ್‌ಗೆ ಮಾತ್ರ ಪ್ಲೇಟಿಂಗ್ ಅಂಗಡಿಗೆ ಕೊಡುತ್ತೇನೆ. ಕ್ರೋಮ್ ಹಾಕುವ ಕ್ರೋಮಿಕ್ ಆಮ್ಲದ ತೊಟ್ಟಿಯಲ್ಲಿ ಕರೆಂಟಿನ ಐದನೇ ಒಂದು ಪಾಲೂ ಲೋಹ ಕೂರಿಸುವುದಿಲ್ಲ. ಉಳಿದದ್ದು ಹೈಡ್ರೋಜನ್ ಗುಳ್ಳೆಗಳಾಗಿ ಮೇಲೆದ್ದು ಒಡೆಯುತ್ತದೆ, ಆ ಮಂಜಿನಲ್ಲಿ ಕ್ಯಾನ್ಸರ್ ತರುವ ಹೆಕ್ಸಾವೇಲೆಂಟ್ ಕ್ರೋಮಿಯಂ ಇರುತ್ತದೆ. ಮನೆಯ ಶೆಡ್ಡಿನಲ್ಲಿ ಅದು ಖಂಡಿತ ಬೇಡ.

ಮಜಾಕ್ ಎರಕದ ಭಾಗಗಳನ್ನೂ ಅಂಗಡಿಗೇ ಕೊಡಿ. ಅದು ಮುಖ್ಯವಾಗಿ ಸತು. ಆಮ್ಲ ತಾಗಿದರೆ ಕರಗುತ್ತದೆ, ಅದಕ್ಕೆ ಸಾಮಾನ್ಯವಾಗಿ ಸಯನೈಡ್ ತಾಮ್ರದ ಮೊದಲ ಪದರ ಬೇಕು.

ಹಳೆ ಕ್ರೋಮ್ ತೆಗೆಯಲು ಬಯಲಿನಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಮತ್ತು ನೀರು ಸಮ ಪ್ರಮಾಣ. ಒಂದೆರಡು ನಿಮಿಷ ನೊರೆ ಬಂದು, ನಿಂತು, ಸ್ವಲ್ಪ ಹಳದಿಯಾದ ನಿಕಲ್ ಕಾಣುತ್ತದೆ. ಆಗ ತಕ್ಷಣ ಎತ್ತಬೇಕು. ಕಾಸ್ಟಿಕ್ ಸೋಡಾದಲ್ಲಿ ಕರೆಂಟ್ ತಿರುಗಿಸಿ ಕ್ರೋಮ್ ಬಿಡಿಸುವುದನ್ನು ಕೆಲವರು ಹೇಳಿಕೊಡುತ್ತಾರೆ, ಆದರೆ ಅದರಲ್ಲಿ ಮತ್ತೆ ಅದೇ ಹೆಕ್ಸಾವೇಲೆಂಟ್ ಕ್ರೋಮಿಯಂ ಹುಟ್ಟುತ್ತದೆ. ಉಳಿದ ನಿಕಲ್ಲನ್ನು ಮುಖಗವಸು ಹಾಕಿ, ನೀರು ಬಿಟ್ಟುಕೊಂಡು ಎಮರಿ ಕಾಗದದಲ್ಲಿ ಉಕ್ಕಿನವರೆಗೂ ತಿಕ್ಕುತ್ತೇನೆ. ಕಾಗದದ ನಂಬರು 180, 320, 600, ಆಮೇಲೆ ಕತ್ತಾಳೆ ನಾರಿನ ಚಕ್ರ. ಪ್ರತಿ ಸಲ ದಿಕ್ಕು ಬದಲಿಸಿ ಅಡ್ಡಡ್ಡ ತಿಕ್ಕಿದರೆ ಹಿಂದಿನ ಗೀರು ಹೋಯಿತೋ ಇಲ್ಲವೋ ತಿಳಿಯುತ್ತದೆ.

ಪದರ ಏಳುವುದಕ್ಕೆ ಹೆಚ್ಚಿನ ಸಲ ಜಿಡ್ಡೇ ಕಾರಣ. ಅದನ್ನು ತೆಗೆಯುವ ದ್ರಾವಣ: ಲೀಟರಿಗೆ 50 ಗ್ರಾಂ ಕಾಸ್ಟಿಕ್, 30 ಗ್ರಾಂ ವಾಷಿಂಗ್ ಸೋಡಾ, 60–70 ಡಿಗ್ರಿ ಸೆಲ್ಸಿಯಸ್. ಭಾಗವನ್ನು ಋಣ ತುದಿಗೆ ಕಟ್ಟಿ ಚದರ ಡೆಸಿಮೀಟರಿಗೆ 5 ಆಂಪ್‌ನಂತೆ ಒಂದೆರಡು ನಿಮಿಷ, ಉಕ್ಕಾದರೆ ಕೊನೆಯ ಅರ್ಧ ನಿಮಿಷ ಭಾಗವನ್ನು ಧನ ತುದಿಗೆ ಬದಲಿಸಬೇಕು. ತೊಳೆದು ಎತ್ತಿ ಹಿಡಿದು ನೋಡಿ: ನೀರು ಇಡೀ ಮೈಗೆ ತೆಳು ಗಾಜಿನ ಹಾಳೆಯಂತೆ ಅಂಟಿ ನಿಂತಿದ್ದರೆ ಸರಿ. ಎಲ್ಲೋ ಒಂದು ಕಡೆ ಹರಿದು, ಅಂಚು ಸುತ್ತಿಕೊಂಡು ಹನಿಯಾದರೆ ಅಲ್ಲಿ ಜಿಡ್ಡಿದೆ. ಬೆರಳಿನ ಒಂದು ಗುರುತೂ ಹೀಗೆ ಕಾಣುತ್ತದೆ. ಸರಿಯಾಗುವವರೆಗೆ ಮುಂದೆ ಹೋಗಬೇಡಿ. ಆಮೇಲೆ 10% ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅರ್ಧ ನಿಮಿಷ, ತೊಳೆದು ಒದ್ದೆಯಿರುವಾಗಲೇ ತೊಟ್ಟಿಗೆ.

10 ಲೀಟರ್ ನಿಕಲ್ ದ್ರಾವಣಕ್ಕೆ ನಿಕಲ್ ಸಲ್ಫೇಟ್ 2.7 ಕೆ.ಜಿ., ನಿಕಲ್ ಕ್ಲೋರೈಡ್ 500 ಗ್ರಾಂ, ಬೋರಿಕ್ ಆಮ್ಲ 400 ಗ್ರಾಂ, ಸ್ಯಾಕರಿನ್ 15 ಗ್ರಾಂ, ಸೋಡಿಯಂ ಲಾರಿಲ್ ಸಲ್ಫೇಟ್ 3 ಗ್ರಾಂ. ಬೋರ್‌ವೆಲ್ ನೀರು ಬೇಡ, ಡಿಸ್ಟಿಲ್ಡ್ ನೀರೇ ಆಗಬೇಕು. ಪಿಎಚ್ 4ರ ಹತ್ತಿರ, ಶಾಖ 50–55 ಡಿಗ್ರಿ. ಬಕೆಟನ್ನು ಬಿಸಿನೀರಿನ ದೊಡ್ಡ ಟಬ್ಬಿನಲ್ಲಿ ಇಡುತ್ತೇನೆ. ಕಲಕಲು ಅಕ್ವೇರಿಯಂನ ನೀರಿನ ಪಂಪು, ಗಾಳಿ ಪಂಪು ಹಾಕಿದರೆ ನೊರೆ ಉಕ್ಕುತ್ತದೆ. ಧನ ತುದಿಗೆ ಶುದ್ಧ ನಿಕಲ್ ಪಟ್ಟಿ, ಬಟ್ಟೆ ಚೀಲದೊಳಗೆ. ಸ್ಟೇನ್‌ಲೆಸ್ ಸ್ಟೀಲ್ ಎಂದೂ ಹಾಕಬೇಡಿ, ಅದರೊಳಗಿನ ಕ್ರೋಮಿಯಂ ದ್ರಾವಣಕ್ಕಿಳಿದು ಎಲ್ಲ ಕೆಡಿಸುತ್ತದೆ.

ಉಕ್ಕನ್ನು ನೇರ ತಾಮ್ರದ ಸಲ್ಫೇಟಿನಲ್ಲಿ ಅದ್ದಿದರೆ ಕರೆಂಟಿಲ್ಲದೆಯೇ ತಾಮ್ರ ಹತ್ತುತ್ತದೆ, ಉಗುರಿಗೆ ಸುಲಿದು ಬರುತ್ತದೆ. ಅದಕ್ಕೇ ಮೊದಲು 15 ನಿಮಿಷ ನಿಕಲ್, ಆಮೇಲೆ ತಾಮ್ರ: 10 ಲೀಟರಿಗೆ ತಾಮ್ರದ ಸಲ್ಫೇಟ್ 2 ಕೆ.ಜಿ., ಗಂಧಕಾಮ್ಲ 300 ಮಿ.ಲೀ. (ನೀರಿಗೆ ಆಮ್ಲ, ನಿಧಾನವಾಗಿ), ಹೈಡ್ರೋಕ್ಲೋರಿಕ್ ಆಮ್ಲ 1.5 ಮಿ.ಲೀ. ಚದರ ಡೆಸಿಮೀಟರಿಗೆ 3 ಆಂಪ್‌ನಲ್ಲಿ ಗಂಟೆಗೆ ಸುಮಾರು 40 ಮೈಕ್ರಾನ್ ಕೂರುತ್ತದೆ. ಸಣ್ಣ ಗುಳಿ, ಗೀರು ಮುಚ್ಚಲು ತಾಮ್ರದಷ್ಟು ಒಳ್ಳೆಯದು ಇನ್ನೊಂದಿಲ್ಲ. ಬಫ್ ಮಾಡಿ (ಬಟ್ಟೆ ಚಕ್ರದಲ್ಲಿ ಉಜ್ಜಿ ಹೊಳಪು ತಂದು) ಟ್ಯೂಬ್‌ಲೈಟ್ ಕೆಳಗೆ ಹಿಡಿದು ನಿಧಾನವಾಗಿ ತಿರುಗಿಸಿ. ಬೆಳಕಿನ ಗೆರೆ ಎಲ್ಲಿ ಸೊಟ್ಟಗಾಗುತ್ತದೋ ಅಲ್ಲಿ ತಗ್ಗಿದೆ. ಅದನ್ನು ಇಲ್ಲೇ ಸರಿಮಾಡಬೇಕು, ಏಕೆಂದರೆ ಕ್ರೋಮ್ ಏನನ್ನೂ ಮುಚ್ಚುವುದಿಲ್ಲ.

ಬಫ್ ಆದ ತಾಮ್ರಕ್ಕೆ ಬಿಸಿ ಸೋಪು ನೀರು, ಮೆತ್ತನೆ ಬ್ರಷ್, 5% ಗಂಧಕಾಮ್ಲದ ಅದ್ದು, ಮತ್ತೆ ನಿಕಲ್. ಲೆಕ್ಕ ಹೀಗೆ: 20 ಸೆಂ.ಮೀ. ವ್ಯಾಸದ ಹಬ್‌ಕ್ಯಾಪ್ ಅನ್ನಿ, ಹಿಂಬದಿಗೆ ಟೇಪ್ ಹಚ್ಚಿದರೆ ಉಬ್ಬು ಸೇರಿ ಸುಮಾರು 3.5 ಚದರ ಡೆಸಿಮೀಟರ್. 10 ಆಂಪ್ ಕೊಟ್ಟರೆ 45 ನಿಮಿಷಕ್ಕೆ 25 ಮೈಕ್ರಾನ್.

ಅಂಚು ಬೂದಿ ಬಣ್ಣಕ್ಕೆ ಸುಟ್ಟರೆ ಕರೆಂಟ್ ಹೆಚ್ಚಾಗಿದೆ. ಸುತ್ತ ಒಂದು ತಂತಿ ಬಿಗಿದರೆ ಆ ಹೆಚ್ಚುವರಿಯನ್ನು ಅದು ಕುಡಿಯುತ್ತದೆ. ಸೂಜಿ ಚುಚ್ಚಿದಂಥ ಗುಳಿಗಳಿದ್ದರೆ ಗುಳ್ಳೆ ಅಂಟಿಕೊಂಡಿದೆ, ಕಲಕುವುದು ಸಾಲದು ಅಥವಾ ಲಾರಿಲ್ ಸಲ್ಫೇಟ್ ಕಡಿಮೆ. ಮೂಲೆಗಳಲ್ಲಿ ಕಪ್ಪು ಕಂಡರೆ ದ್ರಾವಣಕ್ಕೆ ತಾಮ್ರ ಸೇರಿದೆ. ಸುಕ್ಕು ಬಗ್ಗಿಸಿದ ಉಕ್ಕಿನ ತಗಡು ಇಳಿಬಿಟ್ಟು, ಚದರ ಡೆಸಿಮೀಟರಿಗೆ 0.3 ಆಂಪ್‌ನಲ್ಲಿ ರಾತ್ರಿಯಿಡೀ ಓಡಿಸಿದರೆ ಆ ತಗಡೇ ಅದನ್ನು ಎಳೆದುಕೊಳ್ಳುತ್ತದೆ. ಸ್ಪ್ರಿಂಗ್ ಕ್ಲಿಪ್‌ಗಳಿದ್ದರೆ ಪ್ಲೇಟಿಂಗ್ ಆದಕೂಡಲೇ 190–200 ಡಿಗ್ರಿಯಲ್ಲಿ ಕನಿಷ್ಠ 4 ಗಂಟೆ ಓವನ್‌ನಲ್ಲಿಡಿ. ಇಲ್ಲದಿದ್ದರೆ ಒಳಸೇರಿದ ಹೈಡ್ರೋಜನ್‌ನಿಂದ ಪಟ್ಟನೆ ಮುರಿಯುತ್ತವೆ. ಅಡುಗೆಯ ಓವನ್ ಬೇಡ.

ಬೆಂಗಳೂರಿನವರಿಗೆ ಪೀಣ್ಯದಲ್ಲಿ ಪ್ಲೇಟಿಂಗ್ ಘಟಕಗಳು ಸಿಗುತ್ತವೆ. ಕೊಡುವಾಗ "ನಿಕಲ್ 25 ಮೈಕ್ರಾನ್ ಆಗಿದೆ, ಆ್ಯಕ್ಟಿವೇಶನ್ ಮಾಡಿ ಕ್ರೋಮ್ ಮಾತ್ರ ಹಾಕಿ" ಎಂದು ಬರೆದುಕೊಡಿ. ಒಣಗಿದ ನಿಕಲ್ ಮೇಲ್ಮೈ ಜಡವಾಗುತ್ತದೆ, ಅದನ್ನು ಎಚ್ಚರಿಸದೆ ಹಾಕಿದ ಕ್ರೋಮ್ ಹಾಲು ಚೆಲ್ಲಿದಂತೆ ಮಬ್ಬಾಗುತ್ತದೆ. ಆಳದ ಸಂದುಗಳಿಗೆ ಕ್ರೋಮ್ ತಲುಪುವುದೇ ಕಷ್ಟ, ಅಲ್ಲಿ ನಿಕಲ್‌ನ ಹಳದಿ ಛಾಯೆ ಉಳಿದರೆ ಅದು ದೋಷವಲ್ಲ.

ತೊಳೆದ ನೀರನ್ನು ಚರಂಡಿಗೆ ಬಿಡಬೇಡಿ. ನಿಕಲ್ ನೀರಿಗೆ ಕಾಸ್ಟಿಕ್ ಹಾಕಿ ಪಿಎಚ್ 10ಕ್ಕೆ ತಂದರೆ ಹಸಿರು ಗಸಿ ತಳಕ್ಕಿಳಿಯುತ್ತದೆ. ಸೋಸಿ ಒಣಗಿಸಿ ಡಬ್ಬಿಯಲ್ಲಿಟ್ಟು, ಅಪಾಯಕಾರಿ ತ್ಯಾಜ್ಯ ಪಡೆಯಲು ಅನುಮತಿ ಇರುವವರಿಗೇ ಕೊಡಿ.